ಮನೆಗೊಂದು ಬೆನ್ನು

ಯುಗಾದಿಯ ಮರುದಿನ ರೇವಣಪ್ಪಗೌಡನ ವಾಡೆಯ ಹಿಂದಿನ ದೊಡ್ಡಿಯಲ್ಲಿ ಬೆನ್ನು ನೋಡುತ್ತಿದ್ದರು. ಮೊದಲು ಎತ್ತುಗಳದ್ದು. ಆಮೇಲೆ ಹೊಲಗೇರಿಯವರದ್ದು.

ಊರಿನ ಉಳಿದ ಆಳುಗಳಿಗೆ ಬೇರೆ ಪರೀಕ್ಷೆ. ಅವರು ಹಣಮಪ್ಪನ ಗುಡಿಯ ಮುಂದಿನ ಗುಂಡುಕಲ್ಲನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಅಲ್ಲಿ ಜನ ಸೇರುತ್ತಿದ್ದರು. ಸಿಳ್ಳೆ ಹೊಡೆಯುತ್ತಿದ್ದರು. ಗೆದ್ದವನ ಬಾಯಿಗೆ ಬೆಲ್ಲ ಬೀಳುತ್ತಿತ್ತು. ಹೊಲಗೇರಿಯವರು ಆ ಕಲ್ಲನ್ನು ಮುಟ್ಟುವಂತಿರಲಿಲ್ಲ. ಕಲ್ಲಿಗೆ ಮೈಲಿಗೆಯಾಗುತ್ತದೆ. ಹಾಗೆಂದು ಅವರನ್ನು ನೋಡದೆ ಹೊಲಕ್ಕೆ ಇಳಿಸುವುದು ಹೇಗೆ? ಗೌಡನ ಅಜ್ಜ ಇದಕ್ಕೊಂದು ದಾರಿ ಹುಡುಕಿಟ್ಟು ಸತ್ತಿದ್ದ. ಎತ್ತು ಕೊಳ್ಳುವಾಗ ನೋಡುವ ಹಾಗೆ ನೋಡುವುದು.

ಮೊಣಕಾಲು ಮಡಚದೆ ಬಾಗಬೇಕು. ಎರಡೂ ಅಂಗೈ ನೆಲಕ್ಕೆ ಹತ್ತಬೇಕು. ಹಾಗೆ ನಿಂತವನ ಬೆನ್ನುಹುರಿಯ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ಹೆಬ್ಬೆರಳು ಒತ್ತಿ ಎಳೆಯುತ್ತಾರೆ. ಬೆನ್ನು ಕುಸಿದರೆ ನಾಮಂಜೂರ. ಚರ್ಮ ನಡುಗಿದರೂ ನಾಮಂಜೂರ. ಬಾಯಿಂದ ಸದ್ದು ಬಂದರೂ ಅಷ್ಟೇ. ಕಲ್ಲಿನ ಹಾಗೆ ನಿಂತವನನ್ನು ಕುಳ್ಳಿರಿಸಿ ಬೆನ್ನ ಮೇಲೆ ಉಪ್ಪಿನ ಚೀಲ ಹೇರುತ್ತಾರೆ. ಕುಂತವನು ಅದನ್ನು ಹೊತ್ತು ಎದ್ದರೆ ಮಂಜೂರ.

ಒತ್ತುವ ಹೆಬ್ಬೆರಳು ಗೌಡನದಲ್ಲ. ಗೌಡ ಅವರನ್ನು ಮುಟ್ಟುವುದಿಲ್ಲ. ಅದಕ್ಕೆ ಲಾಲಸಾಬನಿದ್ದ. ಅವನು ದನದ ದಲ್ಲಾಳಿ. ಆಳಂದದಿಂದ ಜೇವರ್ಗಿಯವರೆಗೆ ಯಾವ ಸಂತೆಯಲ್ಲಿ ಎತ್ತು ಕೈಬದಲಾದರೂ ಅವನ ಹೆಬ್ಬೆರಳು ಅದರ ಬೆನ್ನ ಮೇಲೆ ಒಮ್ಮೆ ಹಾದಿರುತ್ತಿತ್ತು. ಆ ಹೆಬ್ಬೆರಳನ್ನೇ ಗೌಡ ವರ್ಷಕ್ಕೊಮ್ಮೆ ಮನುಷ್ಯರ ಮೇಲೂ ಹಾಯಿಸುತ್ತಿದ್ದ.

ಹೊಲಗೇರಿಯ ಗುಡಿಸಲುಗಳೆಲ್ಲ ಗೌಡನ ಬೀಳು ಹೊಲದಲ್ಲಿದ್ದವು. ಮನೆಗೊಂದು ಬೆನ್ನು ಎಂಬುದು ಕರಾರು. ಬೆನ್ನು ಕೊಡದ ಮನೆಯ ನಡುಗಂಬವನ್ನು ಗೌಡನ ಮಂದಿ ಬಂದು ಕೀಳುತ್ತಿದ್ದರು. ಕಂಬ ಗೌಡನ ಬೇವಿನ ಗಿಡದ್ದು. ಅದನ್ನಷ್ಟೇ ಒಯ್ಯುತ್ತಿದ್ದರು. ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಉಳಿದದ್ದು ತಾನೇ ಬೀಳುತ್ತಿತ್ತು.

೧೯೪೭ರ ಯುಗಾದಿ ಹತ್ತಿರ ಬಂದಾಗ ನಿಂಬೆವ್ವನ ಕಣ್ಣು ಆ ಕಂಬದ ಮೇಲೆಯೇ ಇತ್ತು. ಅವಳ ಗಂಡ ಸೈದಪ್ಪನ ಬೆನ್ನು ಕೆಟ್ಟಿತ್ತು. ಸುಗ್ಗಿಯಲ್ಲಿ ಜೋಳದ ಬಂಡಿಯ ಗಾಲಿ ಎರೆಮಣ್ಣಿನಲ್ಲಿ ಹೂತಾಗ ಅವನು ಅದರ ಅಡಿಗೆ ಬೆನ್ನು ಕೊಟ್ಟಿದ್ದ. ಬಂಡಿ ಪೂರ್ತಿ ಎದ್ದಿತು. ಅವನು ಅರ್ಧ ಎದ್ದ. ಅಂದಿನಿಂದ ಬೆಳಗ್ಗೆ ಏಳುವಾಗ ಕಂಬ ಹಿಡಿದು ಏಳುತ್ತಿದ್ದ. ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು.

ನಿಂಬೆವ್ವ ಉಸುಕು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಅವನ ಸೊಂಟಕ್ಕೆ ಕಾಸುತ್ತಿದ್ದಳು. ಔಡಲೆಣ್ಣೆ ತಿಕ್ಕುತ್ತಿದ್ದಳು. ಆಮೇಲೆ ಬಾಗಿಲಿಗೆ ತಟ್ಟಿ ಅಡ್ಡ ಇಟ್ಟು ಪರೀಕ್ಷೆಗೆ ತಯಾರು ಮಾಡುತ್ತಿದ್ದಳು.

"ಬಾಗು."

"ಈಗರೆ ಬಾಗೇನಲ್ಲ ಬೇ."

"ಅದು ಬಾಗಿದ್ದೇನು? ಅಂಗೈ ಗಾಳ್ಯಾಗ ಇದ್ವು. ಲಾಲಸಾಬ ಏನ್ ನಿನಗ ಬೀಗ ಆಗಬೇಕೇನು, ಗಾಳ್ಯಾಗಿನ ಅಂಗೈ ಒಪ್ಪಾಕ?"

"ಬೆರಳ ತುದಿ ಹತ್ಯಾವ ನೋಡು."

"ಬೆರಳಿಗಿ ಯಾರ ಕೂಳ ಹಾಕ್ತಾರ? ಅಂಗೈ ಹತ್ತಬೇಕು."

ಅವನು ನಕ್ಕ. ನಗುವುದಕ್ಕೂ ಬೆನ್ನು ಬೇಕು ಎಂಬುದು ಅವನಿಗೆ ಆಗ ಗೊತ್ತಾಯಿತು. ನಗು ಅರ್ಧಕ್ಕೆ ಮುರಿಯಿತು. ಮತ್ತೆ ಬಾಗಿದ. ತೊಡೆಯ ಹಿಂದಿನ ನರ ಹಗ್ಗದ ಹಾಗೆ ಎದ್ದು ನಿಂತವು. ಅಂಗೈ ನೆಲಕ್ಕೆ ಹತ್ತಿತು. ನಿಂಬೆವ್ವ ಲಾಲಸಾಬನ ಹಾಗೆ ಹೆಬ್ಬೆರಳು ಒತ್ತಿ ಎಳೆದಳು. ಸೊಂಟದ ಮೇಲಿನ ಆ ಜಾಗಕ್ಕೆ ಬಂದಾಗ ಅವನು "ಯವ್ವಾ" ಎಂದ.

"ಹೋತು. ನಡುಗಂಬ ಹೋತು," ಎಂದಳು. "ಮತ್ತ ಬಾಗು."

ದಿನವೂ ಹೀಗೆ. ಅವನು ನರಳಿದಾಗಲೆಲ್ಲ ಅವಳು ನಡುಗಂಬ ಹೋತು ಎನ್ನುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿತ್ತು. ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಅವಳು ಅವನ ಹಿಂದೆ ನಿಂತಿರುತ್ತಿದ್ದಳು, ಅವನು ನೆಲ ನೋಡುತ್ತಿದ್ದ. ಹಾಗಾಗಿ ಅವನಿಗೆ ಅದು ಕಾಣುತ್ತಿರಲಿಲ್ಲ.

"ಮಾರಿ ಹೆಂಗರೆ ಮಾಡ್ಕೋ," ಎಂದು ಒಂದು ದಿನ ಹೇಳಿಕೊಟ್ಟಳು. "ಮಾರಿ ನೆಲದ ಕಡಿಗಿ ಇರ್ತದ. ಯಾರೂ ನೋಡಂಗಿಲ್ಲ. ಬೆನ್ನ ಅಷ್ಟ ಅಲಗಬಾರ್ದು."

ಆ ಮಾತು ಅವನಿಗೆ ಹತ್ತಿತು. ನೋವನ್ನು ಬೆನ್ನಿನಿಂದ ಎತ್ತಿ ಮುಖಕ್ಕೆ ಸಾಗಿಸುವುದನ್ನು ಕಲಿತ. ಹಲ್ಲು ಕಚ್ಚಿದ, ಕಣ್ಣು ಕಿವುಚಿದ, ತುಟಿ ಹರಿದುಕೊಂಡ. ಬೆನ್ನು ಕಲ್ಲಾಯಿತು. ಹಬ್ಬದ ಹೊತ್ತಿಗೆ ನಿಂಬೆವ್ವ ಎಷ್ಟು ಒತ್ತಿದರೂ ಅವನಿಂದ ಏನೂ ಬರುತ್ತಿರಲಿಲ್ಲ. ಅವಳಿಗೆ ಸಮಾಧಾನವಾಯಿತು. ಒಳಗೆಲ್ಲೋ ಅಂಜಿಕೆಯೂ ಆಯಿತು. ಅಂಜಿಕೆಯನ್ನು ಅವಳೂ ನುಂಗಿದಳು.

ಪರೀಕ್ಷೆಯ ದಿನ ಹೆಂಗಸರು ದೊಡ್ಡಿಯ ಗೋಡೆಯ ಬಿರುಕಿನಿಂದ ನೋಡುತ್ತಿದ್ದರು. ಗೌಡ ಹೊರಸಿನ ಮೇಲೆ ಕುಂತಿದ್ದ. ಆಳುಗಳನ್ನು ನೋಡಿಕೊಳ್ಳುವ ಅವನ ಮೇಟಿ ಖಂಡಪ್ಪ ಒಬ್ಬೊಬ್ಬರನ್ನೇ ಕರೆಯುತ್ತಿದ್ದ.

ಸೈದಪ್ಪನ ಮುಂದೆ ಬೀರಣ್ಣ ನಿಂತಿದ್ದ. ಕೇರಿಯಲ್ಲೇ ಗಟ್ಟಿ ಬೆನ್ನು ಅವನದು. ಹೋದ ವರ್ಷದವರೆಗೆ ಅವನ ಮನೆಯಿಂದ ಅಪ್ಪ ಬಾಗುತ್ತಿದ್ದ. ಅಪ್ಪ ಸತ್ತಮೇಲೆ ಇದು ಅವನಿಗೆ ಮೊದಲ ಸಲ. ಬಾಗಿದ. ಅಂಗೈ ಅಲ್ಲ, ಮೊಣಕೈ ನೆಲಕ್ಕೆ ಹತ್ತೀತು, ಅಷ್ಟು ಸಲೀಸಾಗಿ ಬಾಗಿದ. ಲಾಲಸಾಬನ ಹೆಬ್ಬೆರಳು ಕುತ್ತಿಗೆಗೆ ತಾಗಿದ್ದೇ ತಡ, ಕಿಸಕ್ಕನೆ ನಕ್ಕು ಪಕ್ಕಕ್ಕೆ ಉರುಳಿದ.

"ಏನಾತಲೇ?" ಎಂದ ಖಂಡಪ್ಪ.

"ಕಚಗುಳಿ ಆಗ್ತದ್ರಿ."

ದೊಡ್ಡಿಯಲ್ಲಿದ್ದವರೆಲ್ಲ ನಕ್ಕರು. ಗೋಡೆಯ ಹಿಂದಿನ ಹೆಂಗಸರೂ ನಕ್ಕರು. ಗೌಡನೂ ನಕ್ಕ. ಬೀರಣ್ಣ ಮತ್ತೆ ಬಾಗಿದ. ತುಟಿ ಕಚ್ಚಿ ನಿಂತ. ಹೆಬ್ಬೆರಳು ನಡುಬೆನ್ನಿಗೆ ಬಂದಾಗ ಅವನ ಮೈಯೆಲ್ಲ ಮೀನಿನ ಹಾಗೆ ಒದ್ದಾಡಿತು. ಮತ್ತೆ ನಗು. ಗೌಡ ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ನಾಮಂಜೂರ," ಎಂದ.

ನಗು ನಿಂತಿತು.

"ಗೌಡ್ರ, ಹುಡುಗ ಗಟ್ಟಿ ಅದಾನ್ರಿ," ಎಂದ ಲಾಲಸಾಬ. "ಬರೀ ಕಚಗುಳಿ ಅದು."

"ಬೆನ್ನ ನಡುಗಿತೋ ಇಲ್ಲೋ?"

"ನಡುಗಿತ್ರಿ."

"ಮತ್ತ? ಅಂವಗೊಂದ ಕಾನೂನ, ಎತ್ತಿಗೊಂದ ಕಾನೂನ ಏನು?"

ಬೀರಣ್ಣ ಇನ್ನೂ ನಗುಮುಖದಲ್ಲೇ ಇದ್ದ. ಮುಖದ ಮೇಲಿಂದ ನಗುವನ್ನು ಹೇಗೆ ತೆಗೆಯಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಸೈದಪ್ಪ. ನಿಂಬೆವ್ವ ಬಿರುಕಿಗೆ ಕಣ್ಣು ಹಚ್ಚಿದಳು. ಅವನು ಬಾಗಿದ. ಅಂಗೈ ಹತ್ತಿತು. ಹೆಬ್ಬೆರಳು ಇಳಿಯುತ್ತ ಬಂತು. ಸೊಂಟದ ಮೇಲಿನ ಆ ಜಾಗದಲ್ಲಿ ನಿಂತಿತು. ಲಾಲಸಾಬ ತಲೆ ಎತ್ತಿ ಸುಮ್ಮನೆ ಎದುರಿಗೆ ನೋಡಿದ. ಮತ್ತೊಮ್ಮೆ ಅಲ್ಲೇ ಒತ್ತಿದ. ಸೈದಪ್ಪ ಅಲುಗಲಿಲ್ಲ.

"ಮಂಜೂರ," ಎಂದ ಲಾಲಸಾಬ. ದನಿ ಸಣ್ಣದಾಗಿತ್ತು.

ಉಪ್ಪಿನ ಚೀಲ ಹೊತ್ತೂ ಸೈದಪ್ಪ ಎದ್ದ. ಹೇಗೆ ಎದ್ದನೋ ಅವನಿಗೇ ಗೊತ್ತಿಲ್ಲ. ಆ ಮಧ್ಯಾಹ್ನ ಖಂಡಪ್ಪನ ಮಂದಿ ಬೀರಣ್ಣನ ಮನೆಯ ನಡುಗಂಬ ಕಿತ್ತರು. ತೊಗರಿಕಟ್ಟಿಗೆಯ ಮಾಡು ಮೊಣಕಾಲೂರಿ ಕುಂತ ಹಾಗೆ ಕುಸಿಯಿತು. ಬೀರಣ್ಣ ತಾಯಿಯನ್ನು ಕರೆದುಕೊಂಡು ಸೊಲ್ಲಾಪುರದ ಮಿಲ್ಲಿನ ಕಡೆಗೆ ನಡೆದ. ಕೇರಿಯ ಗಟ್ಟಿ ಬೆನ್ನು ಕೇರಿ ಬಿಟ್ಟು ಹೋಯಿತು. ಮುರಿದ ಬೆನ್ನು ಉಳಿಯಿತು. ನಿಂಬೆವ್ವ ಬೆಲ್ಲದ ನೀರು ಕಾಸಿ ಗಂಡನಿಗೆ ಕುಡಿಸಿದಳು. ಗೆದ್ದೆವು ಎಂದುಕೊಂಡಳು.

ಬೇಸಗೆಯಲ್ಲಿ ಗೌಡ ತನ್ನ ಬಾವಿಯನ್ನು ಇನ್ನೂ ಆಳಕ್ಕೆ ಇಳಿಸಲು ಹಚ್ಚಿದ. ಮದ್ದು ಹಾಕಿ ಒಡೆದ ಕರಿಕಲ್ಲನ್ನು ಹೊಲಗೇರಿಯ ಗಂಡಸರು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಬೇಕು. ನೀರು ಬಂದ ದಿನ ಅದೇ ಮೆಟ್ಟಿಲು ಅವರಿಗೆ ಮುಚ್ಚುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ. ಆಡಲು ಉಸಿರು ಉಳಿಯುತ್ತಿರಲಿಲ್ಲ.

ಸೈದಪ್ಪ ಹೊತ್ತ. ದಿನವೂ ಹೊತ್ತ. ಕಲ್ಲು ಹೇರುವವನು ಭಾರ ಆತೇನು ಎಂದರೆ ಇಲ್ಲ ಎನ್ನುತ್ತಿದ್ದ. ಮನೆಯಲ್ಲಿ ನಿಂಬೆವ್ವ ನೋಯ್ತದೇನು ಎಂದರೂ ಇಲ್ಲ ಎನ್ನುತ್ತಿದ್ದ. ಅವನು ಕಲಿತದ್ದನ್ನು ಮರೆಯಲು ಸಾಧ್ಯವಾಗಲಿಲ್ಲ.

ಒಂದು ದಿನ ನಡುಮೆಟ್ಟಿಲ ಮೇಲೆ ನಿಂತ. ಒಂದು ಕೈ ಗೋಡೆಗೆ ಹಚ್ಚಿದ. ಹಿಂದಿದ್ದವನು ಕೇಳಿದ:

"ಏನಾತೋ ಸೈದಣ್ಣ?"

"ಏನಿಲ್ಲ. ಹೋಗು."

ಆಮೇಲೆ ಕಲ್ಲಿನ ಸಮೇತ ಕುಂತ. ಮೆಲ್ಲಗೆ, ದಣಿವಾರಿಸಿಕೊಳ್ಳುವವನ ಹಾಗೆ ಕುಂತ. ಕಲ್ಲು ಅವನನ್ನು ಮುಂದಕ್ಕೆ ಮಡಚಿ ಮೆಟ್ಟಿಲಿಗೆ ಒತ್ತಿತು. ಅವನು ಕೂಗಲಿಲ್ಲ. ಕೂಗಿದ್ದರೆ ಮೇಲಿದ್ದವರು ಇಳಿದು ಬರುತ್ತಿದ್ದರು. ಹಿಂದಿದ್ದವನು ಬಗ್ಗಿ ಮುಖ ನೋಡಿದಾಗಲೇ ಗೊತ್ತಾದದ್ದು. ಕಲ್ಲು ತೆಗೆದರು. ಸೈದಪ್ಪನ ಕಾಲು ಅವನ ಮಾತು ಕೇಳಲಿಲ್ಲ.

ಕಂಬಳಿಯಲ್ಲಿ ಹಾಕಿ ಕೇರಿಗೆ ತಂದರು. ಸಂಜೆ ಗೌಡ ಕೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಬಂದು ನಿಂತ. ಒಳಗೆ ಬರಲಿಲ್ಲ. ನಿಂಬೆವ್ವ ಅಲ್ಲಿಗೇ ಹೋದಳು. ಅವಳ ಹಿಂದೆ ಕೇರಿಯೂ ಹೋಯಿತು.

"ನೋಡಬೇ," ಎಂದ ಗೌಡ. "ಬೆನ್ನ ಮಂಜೂರ ಆಗಿತ್ತು. ಎಲ್ಲಾರ ಮುಂದ ಆಗಿತ್ತು. ಹೌದಿಲ್ಲೋ?"

"ಹೌದ್ರಿ."

"ಚಲೋ ಬೆನ್ನ ಕಲ್ಲ ಹೊತ್ತರ ಮುರಿಯಂಗಿಲ್ಲ. ಮೊದಲ ಮುರಿದಿತ್ತು ಅಂದ್ರ ನಿನ್ನ ಗಂಡ ನನಗ ಮೋಸ ಮಾಡ್ಯಾನ. ನಾ ಅದನ್ನ ಎತ್ತಿ ಆಡಂಗಿಲ್ಲ. ವರ್ಷ ತುಂಬೂತನಕ ಅವನ ಬದಲಿ ನೀ ಬಾ. ಕಂಬ ಇರ್ಲಿ."

ಅದು ಔದಾರ್ಯದ ಮಾತು. ಕೆಲವರು ತಲೆದೂಗಿದರು. ಬೆನ್ನು ಗಟ್ಟಿ ಇದ್ದಿದ್ದರೆ ಗೌಡನ ತಪ್ಪಿಲ್ಲ. ಮುರಿದಿದ್ದರೆ ಸೈದಪ್ಪನ ತಪ್ಪು. ಗೌಡ ಸಿಕ್ಕಿಬೀಳುವ ಜಾಗವೇ ಆ ಪರೀಕ್ಷೆಯಲ್ಲಿ ಇರಲಿಲ್ಲ.

ಒಂದು ಸಂಜೆ ಲಾಲಸಾಬ ಬಂದ. ಒಂದು ಸಣ್ಣ ಶೀಸೆಯಲ್ಲಿ ನವಿಲೆಣ್ಣೆ ತಂದಿದ್ದ. ಬಾಗಿಲ ಹೊರಗಿನ ಕಲ್ಲಿನ ಮೇಲೆ ಕುಂತು ಒಳಗೆ ನೋಡಿದ. ಸೈದಪ್ಪ ಬೋರಲು ಮಲಗಿದ್ದ. ಮುಖ ನೆಲದ ಕಡೆಗಿತ್ತು.

"ಹೆಂಗದಾನ?"

"ಹಂಗ ಅದಾನ್ರಿ ಅಣ್ಣ."

ನಿಂಬೆವ್ವ ಶೀಸೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಅವತ್ತ ನಿಮ್ಮ ಹೆಬ್ಬಟ್ಟ ನಿಂತಿತ್ತಲ್ರಿ," ಎಂದಳು.

"ನಿಂತಿತ್ತು."

"ಗೊತ್ತಾಗಿತ್ತೇನ್ರಿ?"

ಲಾಲಸಾಬ ತನ್ನ ಕೈ ನೋಡಿಕೊಂಡ. "ಗೊತ್ತಾಗಿತ್ತವ್ವ. ಚಲೋ ಬೆನ್ನ ಒತ್ತಿದ್ರ ತುಸು ಬಗ್ತದ. ಇವಂದು ಬಗ್ಗಲಿಲ್ಲ. ಅಷ್ಟ ಬಿಗಿ ಹಿಡದಿದ್ದ."

"ಮತ್ತ ಮಂಜೂರ ಯಾಕಂದ್ರಿ?"

"ಇಲ್ಲ ಅಂದಿದ್ರ ಅವತ್ತ ನಿಮ್ಮ ಮನಿ ಕೀಳ್ತಿದ್ರು. ಆಗಲೇ ಬೀರಣ್ಣಂದು ಹೋಗಿತ್ತು. ಎರಡ ಮನಿ ನನ್ನ ಕೈಲಿಂದ ಬ್ಯಾಡ ಅನಿಸ್ತು."

ನಿಂಬೆವ್ವ ಅವನನ್ನು ಬಯ್ಯಬೇಕೆಂದು ಬಾಯಿ ತೆರೆದಿದ್ದಳು. ಯಾವ ಬೈಗುಳವೂ ಅವನೊಬ್ಬನಿಗೇ ಸಲ್ಲುವಂತಿರಲಿಲ್ಲ.

"ಎತ್ತು ಸುಳ್ಳ ಹೇಳಂಗಿಲ್ಲ ತಂಗಿ," ಎಂದ ಲಾಲಸಾಬ. "ನೊಂದರ ಕುಸೀತದ. ಅದಕ್ಕ ಮನಿ ಹೋಗ್ತದಂತ ಅಂಜಿಕಿ ಇಲ್ಲ. ಮನಷ್ಯಾನ ಬೆನ್ನ ಒತ್ತಿದ್ರ ಏನ್ ತಿಳೀತದ? ಅಂವಗ ಎಷ್ಟ ಅಂಜಿಕಿ ಅದ, ಅಷ್ಟ ತಿಳೀತದ."

ಅವನು ಹೋದಮೇಲೆ ನಿಂಬೆವ್ವ ಒಲೆಯ ಮುಂದೆ ಬಹಳ ಹೊತ್ತು ಕುಂತಿದ್ದಳು. ಅವಳು ಕಲಿಸಿದ್ದಳು. ಅವನು ಕಲಿತಿದ್ದ. ಲಾಲಸಾಬ ಮುಚ್ಚಿಟ್ಟಿದ್ದ. ಮೂವರೂ ಒಳ್ಳೆಯದನ್ನೇ ಮಾಡಿದ್ದರು. ಮೂವರ ಒಳ್ಳೆಯತನವೂ ಸೇರಿ ಗೌಡನ ಕಲ್ಲನ್ನು ಆ ಬೆನ್ನಿನ ಮೇಲೆ ಏರಿಸಿತ್ತು. ಗೌಡ ಬೆರಳನ್ನೂ ಎತ್ತಿರಲಿಲ್ಲ.

ಅಂದಿನಿಂದ ದಿನವೂ ದುಡಿದು ಬಂದು ಗಂಡನ ಬೆನ್ನಿಗೆ ಎಣ್ಣೆ ತಿಕ್ಕಿದಳು. ಕುತ್ತಿಗೆಯಿಂದ ಸೊಂಟದವರೆಗೆ. ಆ ಜಾಗಕ್ಕೆ ಬಂದಾಗ ಕೇಳುತ್ತಿದ್ದಳು.

"ನೋಯ್ತದೇನು?"

"ಇಲ್ಲ."

ಬೆನ್ನು ಕಲ್ಲಾಗಿಯೇ ಇರುತ್ತಿತ್ತು. ಮುಖ ನೆಲದ ಕಡೆಗೇ ಇರುತ್ತಿತ್ತು.

ಹೊರಗೆ ಬ್ರಿಟಿಷರು ಹೋದರಂತೆ. ನಿಜಾಮನ ಸೀಮೆಯಲ್ಲಿ ಆ ಸುದ್ದಿಯನ್ನು ಜೋರಾಗಿ ಹೇಳುವಂತಿರಲಿಲ್ಲ. ಆಮೇಲೆ ರಜಾಕಾರರ ಕಾಟ ಶುರುವಾಯಿತು. ಗೌಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಗಡಿ ದಾಟಿದ. ವಾಡೆ ಕಾಯಲು ಹೊಲಗೇರಿಯವರನ್ನು ಬಿಟ್ಟು ಹೋದ. ಹೊಲದ ಕೆಲಸವನ್ನು ಖಂಡಪ್ಪ ನೋಡುತ್ತಿದ್ದ. ಮುಂದಿನ ಯುಗಾದಿಗೆ ಯಾರ ಬೆನ್ನನ್ನೂ ಯಾರೂ ನೋಡಲಿಲ್ಲ. ಹಳೆಯ ಆಳುಗಳೇ ದುಡಿದರು.

ಆ ಬೇಸಗೆಯಲ್ಲಿ ಒಮ್ಮೆ ಅತನೂರಿನ ದಿಕ್ಕಿಗೆ ಹೊಗೆ ಎದ್ದಿತು. ಬಣವೆಗಳಿಗೆ ಬೆಂಕಿ ಬಿದ್ದಿದೆ ಎಂದರು, ರಜಾಕಾರರು ಇಲ್ಲಿಗೂ ಬರುತ್ತಾರೆ ಎಂದರು. ಕೇರಿ ಭೀಮಾ ನದಿಯ ದಂಡೆಗೆ ಓಡಿತು. ನಿಂಬೆವ್ವ ಸೈದಪ್ಪನನ್ನು ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡಳು. ಅವನ ಕಾಲು ಎರಡೂ ಪಕ್ಕ ತೂಗಾಡುತ್ತಿದ್ದವು. ಹೊಲದ ಹೆಂಟೆಗಳ ಮೇಲೆ ಎಡವುತ್ತ ನಡೆದಳು.

"ಇಳಿಸು ಬೇ," ಎಂದ ಅವನು ಕಿವಿಯ ಹತ್ತಿರ. "ನಿನ್ನ ಬೆನ್ನ ಹೋಗ್ತದ."

"ನೀ ಮಾತಾಡಬ್ಯಾಡ. ಮಾತಿನ ಭಾರ ಬ್ಯಾರೆ ಆಗ್ತದ."

ಘತ್ತರಗಿಯ ಕಡೆಯ ಹೊಳೆಯ ಉಸುಕಿನಲ್ಲಿ ಅವನನ್ನು ಇಳಿಸಿದಾಗ ಅವಳ ಸೊಂಟದಲ್ಲಿ ಏನೋ ಕಟಕ್ಕೆಂದಿತು. ಅವಳಿಗೂ ನೇರ ನಿಲ್ಲಲು ಹೊತ್ತು ಹಿಡಿಯಿತು. ಅವಳು ಯಾರಿಗೂ ಹೇಳಲಿಲ್ಲ. ಅವಳಿಗೂ ಆ ಪಾಠ ಬರುತ್ತಿತ್ತು.

ಮಳೆಗಾಲದ ಕೊನೆಗೆ ಸೊಲ್ಲಾಪುರದ ಕಡೆಯಿಂದ ಭಾರತದ ದಂಡು ಬಂತು. ನಿಜಾಮನ ರಾಜ್ಯ ಮುಗಿಯಿತು. ಊರಲ್ಲಿ ಬಾವುಟ ಏರಿತು. ಆ ಬಾವುಟದ ಕೆಳಗೇ ಕೆಲವು ಕೆಟ್ಟ ದಿನಗಳೂ ಬಂದವು. ರಜಾಕಾರರು ಮಾಡಿದ್ದಕ್ಕೆ ಯಾರನ್ನೋ ಹುಡುಕಿ ಹುಡುಕಿ ಹೊಡೆದ ದಿನಗಳು. ಜೇವರ್ಗಿಯ ಸಂತೆಗೆಂದು ಬಂಡಿ ಕಟ್ಟಿ ಹೋದ ಲಾಲಸಾಬ ತಿರುಗಿ ಬರಲಿಲ್ಲ. ಅವನ ಹೆಂಡತಿ ಕರೀಮುನ್ನಿಸಾ ಬಾಗಿಲಲ್ಲಿ ಕುಂತೇ ಇರುತ್ತಿದ್ದಳು. ನಿಂಬೆವ್ವ ಒಮ್ಮೆ ಹೋಗಿ ಪಕ್ಕದಲ್ಲಿ ಕುಂತು ಬಂದಳು. ಏನೂ ಕೇಳಲಿಲ್ಲ. ಆ ಊರಿನಲ್ಲಿ ಯಾರೂ ಕೇಳಲಿಲ್ಲ.

ದೀಪಾವಳಿಗೆ ಗೌಡ ಮರಳಿದ. ತಲೆಯ ಮೇಲೆ ಬಿಳಿ ಟೋಪಿ ಇತ್ತು. ಪಾಡ್ಯ ಕಳೆದ ಬೆಳಗ್ಗೆ ಖಂಡಪ್ಪ ಕೇರಿಯ ಅಂಚಿಗೆ ಬಂದು ಕೂಗಿದ. ಹೋದ ಯುಗಾದಿಯ ಲೆಕ್ಕ ಉಳಿದಿದೆ, ಎಲ್ಲರೂ ದೊಡ್ಡಿಗೆ ಬರಬೇಕು, ಮನೆಗೊಂದು ಬೆನ್ನು.

ಗಂಡಸರು ಕಡಿಮೆಯಾಗಿದ್ದರು. ಕೆಲವರು ಗಡಿ ದಾಟಿ ಅಲ್ಲೇ ಉಳಿದಿದ್ದರು, ಕೆಲವರು ಜ್ವರದಲ್ಲಿ ಹೋಗಿದ್ದರು. ಹೆಂಗಸರೂ ಸಾಲಿನಲ್ಲಿ ನಿಂತರು. ನಿಂಬೆವ್ವನ ಹಿಂದೆ ಪಕ್ಕದ ಗುಡಿಸಲಿನ ಹಣಮವ್ವ ನಿಂತಿದ್ದಳು. ಸಣ್ಣ ವಯಸ್ಸಿನ ಬಾಣಂತಿ. ಕುಪ್ಪಸದ ಮೇಲೆ ಹಾಲು ಸೋರಿ ಒದ್ದೆಯಾಗಿತ್ತು.

"ಈಗ ನಮ್ಮ ರಾಜ್ಯ ಬಂದದ," ಎಂದ ಗೌಡ. "ಯಾರ ಮ್ಯಾಲೂ ಜುಲುಮಿ ಇಲ್ಲ. ಇದು ನಿಮ್ಮ ಜೀವಕ್ಕ ಒಳ್ಳೇದಂತ ಮಾಡೂದು. ಆ ಸೈದಪ್ಪಂದು ಏನಾತು ನೋಡಿದ್ರಿಲ್ಲೋ? ಅದಕ್ಕ ಇನ್ನ ಮುಂದ ಬಿಗಿ ನೋಡ್ತೇನಿ."

ಒತ್ತಲು ಲಾಲಸಾಬ ಇರಲಿಲ್ಲ. ಗೌಡನ ಕೈಯಲ್ಲಿ ಬಾರಕೋಲು ಇತ್ತು. ಅದರ ಹಿಡಿಕೆಯ ತುದಿಯಿಂದ ಅವನೇ ಒತ್ತುತ್ತಿದ್ದ. ಕೋಲು ನಡುವೆ ಇದ್ದರೆ ಮೈಲಿಗೆಯಾಗುವುದಿಲ್ಲ. ಮುಂದಿದ್ದ ಮುದುಕನ ಬೆನ್ನ ಮೇಲೆ ಕೋಲು ಎಲುಬಿನಿಂದ ಎಲುಬಿಗೆ ಬಡಿಯುತ್ತ ಇಳಿಯಿತು. ಮುದುಕ ಅಲುಗಲಿಲ್ಲ. ಮಂಜೂರ ಎಂದ ಗೌಡ. ಮುದುಕ ನೇರವಾಗಿ ಏಳಲು ಹೋಗಿ ಆಗದೆ ಹಾಗೇ ಬಗ್ಗಿಕೊಂಡು ನಡೆದು ಹೋದ.

ನಿಂಬೆವ್ವ ದೊಡ್ಡಿಯ ಒಳಗೆ ನೋಡಿದಳು. ಗೋದಲಿಯಲ್ಲಿ ಎರಡು ಹೊಸ ಎತ್ತುಗಳು ಮೇಯುತ್ತಿದ್ದವು. ಒಂದರ ಎಡಗೋಡು ತುದಿ ಮುರಿದಿತ್ತು. ಸಂತೆಗೆ ಹೋದ ದಿನ ಲಾಲಸಾಬ ಬಂಡಿಗೆ ಕಟ್ಟಿದ್ದ ಎತ್ತು. ಅವು ತಲೆ ಎತ್ತಿ ಸಾಲಿನಲ್ಲಿದ್ದವರನ್ನು ನೋಡಿ ಮತ್ತೆ ಮೇವಿಗೆ ಬಾಯಿ 
ಹಾಕಿದವು.

"ಬಾಗು," ಎಂದ ಖಂಡಪ್ಪ.

ನಿಂಬೆವ್ವ ನಿಂತಿದ್ದಳು.

"ಬಾಗಬೇ. ಕಿವಿ ಕೇಳಂಗಿಲ್ಲೇನು?"

"ಕೇಳ್ತದ್ರಿ. ನೋಯ್ತದ್ರಿ."

ಖಂಡಪ್ಪ ನಕ್ಕ. "ಇನ್ನಾ ಬಾಗೇ ಇಲ್ಲ. ಮುಟ್ಟೇ ಇಲ್ಲ. ಆಗಲೇ ನೋಯ್ತದಂತ."

"ಹೌದ್ರಿ. ಮುಟ್ಟದಿದ್ರೂ ನೋಯ್ತದ."

ಗೌಡ ಹತ್ತಿರ ಬಂದ. ನಿಂತಿದ್ದವಳ ಬೆನ್ನಿಗೇ ಕೋಲಿನ ತುದಿ ಊರಿದ.

"ಇಲ್ಲಿ?"

"ನೋಯ್ತದ."

"ಇಲ್ಲಿ?"

"ನೋಯ್ತದ್ರಿ."

"ಇಲ್ಲಿ?" ಈ ಸಲ ಒತ್ತಲಿಲ್ಲ, ತಿವಿದ.

"ಅಲ್ಲೂ ನೋಯ್ತದ." ಅವಳ ದನಿ ನಡುಗುತ್ತಿತ್ತು. ಆದರೆ ಜೋರಾಗಿತ್ತು. ದೊಡ್ಡಿಯಲ್ಲಿ ಆ ಮಾತನ್ನು ಅಷ್ಟು ಜೋರಾಗಿ ಯಾರೂ ಆಡಿರಲಿಲ್ಲ. "ಇವರಿಗೂ ನೋಯ್ತದ್ರಿ, ಎಲ್ಲಾರಿಗೂ. ನೀವು ಬಡಿಗಿಲಿಂದ ಕೇಳ್ತೀರಿ, ಅದಕ್ಕ ಇಲ್ಲ ಅಂತಾರ. ಬಾಯಿಲಿಂದ ಒಮ್ಮಿ ಕೇಳಿ ನೋಡ್ರಿ."

ಗೌಡ ಸಾಲಿನ ಕಡೆ ನೋಡಿದ. ಸಾಲು ನೆಲ ನೋಡುತ್ತಿತ್ತು.

"ನಿನ್ನ ಗಂಡನ್ನ ಹೊತಗೊಂಡು ಭೀಮಾತನಕ ನಡದಿ ಅಂತ ಊರೆಲ್ಲ ಹೇಳ್ತದ," ಎಂದ. "ಅಂಥಾ ಬೆನ್ನ ಇಟಗೊಂಡು ನಾಟಕ ಮಾಡಾಕತ್ತಿ?"

"ಅದಕ್ಕ ನೋಯ್ತದ್ರಿ."

"ಬಾಗಂಗಿಲ್ಲ?"

"ಇಲ್ಲ."

"ನಾಳಿಗಿ ಕಂಬ ಕೀಳಾಕ ಬರ್ತಾರ."

"ಬರ್ಲಿ. ಗಿಡ ನಿಮ್ಮದು, ಒಯ್ರಿ. ಬೆನ್ನ ನಮ್ಮದು."

ಅವಳು ತಿರುಗಿ ನಡೆದಳು. ಕೋಲು ಒಮ್ಮೆ ಅವಳ ಬೆನ್ನ ಮೇಲೆ ಬಿತ್ತು. ಅವಳು ನಿಲ್ಲಲಿಲ್ಲ. ನೋಯ್ತದ ಎಂದಳು, ಅಷ್ಟೇ, ಲೆಕ್ಕಕ್ಕೆ ಸೇರಿಸುವವಳ ಹಾಗೆ. ದೊಡ್ಡಿಯ ಬಾಗಿಲು ದಾಟುವಾಗ ಹಿಂದಿನಿಂದ ಯಾರಾದರೂ ಏನಾದರೂ ಅಂದಾರೆಂದು ಅವಳ ಕಿವಿ ಕಾಯುತ್ತಿತ್ತು. ಖಂಡಪ್ಪನ ದನಿ ಕೇಳಿತು. ಬಾಗು ಎಂದ. ಸ್ವಲ್ಪ ಹೊತ್ತಿನ ಮೇಲೆ ಗೌಡನ ದನಿ. ಮಂಜೂರ ಎಂದ.

ಸಂಜೆ ಹಣಮವ್ವ ಎರಡು ರೊಟ್ಟಿ, ಪುಂಡಿಪಲ್ಯ ತಂದಳು. ಬಾಗಿಲಲ್ಲೇ ನಿಂತಳು. ಕೂಸು ಬಗಲಲ್ಲಿತ್ತು.

"ನಂಗೂ ನೋಯ್ತಿತ್ತು ಬೇ ಅಕ್ಕ," ಎಂದಳು. "ಜೀವ ಹೋಗೂವಷ್ಟ ನೋಯ್ತಿತ್ತು. ಹೇಳಲಿಲ್ಲ."

"ಗೊತ್ತದ. ಕುಂಡ್ರು ಬಾ."

"ನನ್ನ ಬೈ."

"ಕೂಸಿನ್ನ ಇಟಗೊಂಡು ನೀ ಏನ್ ಮಾಡ್ತಿದ್ದಿ? ಬೈಯಾಕ ನಾ ಏನ್ ಗೌಡನಾ?"

ಹಣಮವ್ವ ಅತ್ತಳು. ಕೂಸೂ ಅತ್ತಿತು. ನಿಂಬೆವ್ವ ಕೂಸನ್ನು ಎತ್ತಿಕೊಳ್ಳಲು ಬಗ್ಗಿದಳು. ಆಗಲಿಲ್ಲ. ಕಂಬ ಹಿಡಿದು ನಿಂತಳು.

ಅವಳು ಹೋದಮೇಲೆ ನಿಂಬೆವ್ವ ಎಣ್ಣೆಯ ಶೀಸೆ ತೆಗೆದಳು. ಲಾಲಸಾಬನ ಶೀಸೆ ಅದು. ನವಿಲೆಣ್ಣೆ ಯಾವಾಗಲೋ ಮುಗಿದು ಈಗ ಅದರಲ್ಲಿ ಔಡಲೆಣ್ಣೆ ಇತ್ತು. ಸೈದಪ್ಪ ಬೋರಲು ಮಲಗಿದ್ದ. ದೊಡ್ಡಿಯ ಸುದ್ದಿ ಅವನಿಗೆ ಆಗಲೇ ಗೋಡೆಯಾಚೆಯಿಂದ ಬಂದು ಮುಟ್ಟಿತ್ತು. ಆದರೂ ಕೇಳಿದ.

"ಏನಂದಿ ಗೌಡಗ?"

"ನೋಯ್ತದ ಅಂದೆ."

"ಅಷ್ಟ?"

"ಅಷ್ಟ."

ಹೊರಗೆ ಯಾರೋ ಎಮ್ಮೆಯನ್ನು ಬೈಯುತ್ತ ಹಾದು ಹೋದರು.

"ನಾಳಿಗಿ ಕಂಬ ಕೀಳ್ತಾರ?"

"ಕೀಳ್ತಾರ."

"ಮೊದಲ ನಾವ ಬಿಚ್ಚಿ ಇಡೂನೇನು? ಮ್ಯಾಲಿನ ಮಾಡರೆ ಉಳೀತದ."

"ಅವರ ಕೀಳ್ಲಿ. ಅವರ ಕೆಲಸ ನಾವ್ಯಾಕ ಮಾಡೂದು?"

"ಎಲ್ಲಿಗಿ ಹೋಗೂನು?"

"ಬೀರಣ್ಣ ಅದಾನಲ್ಲ ಸೊಲ್ಲಾಪುರದಾಗ. ಅಲ್ಲಿ ಬೆನ್ನ ಹೆಂಗ ನೋಡ್ತಾರೋ ಗೊತ್ತಿಲ್ಲ. ನೋಡೂನು."

"ನಾ?"

"ನಿನ್ನ ನಾ ಹೊರತೇನಿ."

"ನಿನಗ ನೋಯ್ತದಲ್ಲ ಬೇ."

"ನೋಯ್ತದ. ನೋಯ್ಕೋತ ಹೊರತೇನಿ. ಸುಳ್ಳ ಹೇಳಿ ಹೊರೂದು ಬ್ಯಾರೆ. ಹೇಳಿ ಹೊರೂದು ಬ್ಯಾರೆ."

ಅಂಗೈಗೆ ಎಣ್ಣೆ ಸುರಿದುಕೊಂಡಳು. ಕುತ್ತಿಗೆಯಿಂದ ಹೆಬ್ಬೆರಳು ಇಳಿಸಿದಳು. ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತಿದ್ದವು. ಸೊಂಟದ ಮೇಲಿನ ಆ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಈ ಸಲ ಅವಳು ಏನೂ ಕೇಳಲಿಲ್ಲ. ಒತ್ತಲೂ ಇಲ್ಲ. ಸುಮ್ಮನೆ ಕೈ ಇಟ್ಟಳು.

ಆ ಬೆನ್ನು ನಡುಗಿತು.

ಎರಡು ಯುಗಾದಿಗಳಿಂದ ಕಲ್ಲಾಗಿದ್ದ ಬೆನ್ನು. ಅಂಗೈಯ ಕೆಳಗೆ ಮೊದಲು ಚರ್ಮ ನಡುಗಿತು. ಆಮೇಲೆ ಅದರ ಒಳಗಿನದು ನಡುಗಿತು. ನಿಂಬೆವ್ವ ಕೈ ತೆಗೆಯಲಿಲ್ಲ.

"ನೋಯ್ತದ ಬೇ," ಎಂದ ಸೈದಪ್ಪ ನೆಲಕ್ಕೆ.

"ಎಲ್ಲಿ?"

"ಅಲ್ಲೇ. ಬಂಡಿ ಎತ್ತಿದ ದಿನದಿಂದ."

"ಇನ್ನೊಮ್ಮಿ ಹೇಳು."

ಅವನು ಹೇಳಿದ. ಈ ಸಲ ಮುಖವನ್ನು ನೆಲದಿಂದ ಎತ್ತಿ, ಅವಳ ಕಡೆ ತಿರುಗಿಸಿ ಹೇಳಿದ.